ದವಡೆಯೊಳಗಿನ ಕೊರಿಯಾ

ಎಲ್ಲಕ್ಕೂ ಕಾರಣ ಒಂದು ಹತ್ತಿಯ ಉಂಡೆ. ಬೆಳಿಗ್ಗೆ ಒಂಬತ್ತಕ್ಕೆ ಹಲ್ಲಿನ ಡಾಕ್ಟರು ಟಿಕೆಟ್ಟಯ್ಯನ ಎಡದವಡೆಯಿಂದ ಒಂದು ಹಲ್ಲು ಕಿತ್ತು, ಖಾಲಿಯಾದ ಜಾಗಕ್ಕೆ ಹತ್ತಿ ತುರುಕಿ, "ಕಚ್ಕೊಂಡೇ ಇರಿ. ಮಾತಾಡ್ಬೇಡಿ. ಇವತ್ತೊಂದಿನ ರಜ ಹಾಕಿ ಮನೇಲಿ ಮಲಗಿ" ಎಂದಿದ್ದರು. ಮೂರು ಮಾತಿನಲ್ಲಿ ಮೊದಲನೆಯದನ್ನಷ್ಟೇ ಪಾಲಿಸಿ ಅವನು ಹತ್ತು ಗಂಟೆಗೆ ಸರಿಯಾಗಿ ಆಫೀಸಿನಲ್ಲಿದ್ದ. ಇವತ್ತು ರಜ ಹಾಕುವುದು ಅವನಿಂದ ಸಾಧ್ಯವೇ ಇರಲಿಲ್ಲ.

ಟಿಕೆಟ್ಟಯ್ಯ ಅಂದರೆ ಹೆತ್ತವರು ಇಟ್ಟ ಹೆಸರಲ್ಲ. ಹದಿನೆಂಟು ವರ್ಷ ಒಂದೇ ಟ್ರಾವೆಲ್ ಆಫೀಸಿನ ಒಂದೇ ಕುರ್ಚಿಯಲ್ಲಿ ಕೂತು, ಊರಿನ ಅರ್ಧ ಜನಕ್ಕೆ ವಿಮಾನದ ಟಿಕೆಟ್ ಮಾಡಿಸಿಕೊಟ್ಟು ಸಂಪಾದಿಸಿದ ಹೆಸರು. ಯಾವ ವಿಮಾನದ ಯಾವ ಸಾಲಿನಲ್ಲಿ ಕಾಲು ಚಾಚಬಹುದು, ಯಾವ ಸೀಟಿನ ಬೆನ್ನಿಗೆ ಶೌಚಾಲಯದ ಬಾಗಿಲು ಬಡಿಯುತ್ತದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಬಿಡುತ್ತಿದ್ದ. ಇಷ್ಟಾಗಿ ಅವನು ಒಂದೇ ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಐದು ವರ್ಷದ ಹಿಂದೆ ಆಸೆ ತಡೆಯಲಾರದೆ ಕೊಂಡ ನೀಲಿ ಸೂಟ್‌ಕೇಸಿನಲ್ಲಿ ಹೆಂಡತಿ ಕಂಬಳಿಗಳನ್ನು ತುಂಬಿಟ್ಟಿದ್ದಳು. ಯಾರಾದರೂ ಕೇಳಿದರೆ, "ನಮ್ಮನೆಯವ್ರ ವಿಮಾನ ಇನ್ನೂ ಬಂದಿಲ್ಲ, ಅಲ್ಲೀವರೆಗೂ ಕಂಬಳಿ ಕೂತಿರತ್ತೆ" ಎನ್ನುತ್ತಿದ್ದಳು.

ಹತ್ತು ಜನಕ್ಕಿಂತ ದೊಡ್ಡ ಗುಂಪು ಸಿಕ್ಕರೆ, ಜೊತೆಯಲ್ಲಿ ಹೋಗಿ ನೋಡಿಕೊಳ್ಳುವವರಿಗೆಂದು ವಿಮಾನದವರು ಒಂದು ಸೀಟು ಬಿಟ್ಟಿಯಾಗಿ ಕೊಡುತ್ತಿದ್ದರು. ಆ ಸೀಟಿನಲ್ಲಿ ಪ್ರತಿ ಸಲವೂ ಹೋಗಿ ಬರುತ್ತಿದ್ದವನು ಮಾಲೀಕರ ಭಾವಮೈದುನ. ಹೋದ ವಾರ ಅವನು ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಿದ್ದ. ಸುದ್ದಿ ಕೇಳಿ ಟಿಕೆಟ್ಟಯ್ಯ "ಛೆ ಛೆ" ಎಂದ, ಆಮೇಲೆ ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ಒಬ್ಬನೇ ನಕ್ಕ, ನಕ್ಕಿದ್ದಕ್ಕೆ ನಾಚಿಕೊಂಡ, ನಾಚಿಕೆ ಮುಗಿದ ಮೇಲೆ ಇನ್ನೊಂದು ಸಲ ನಕ್ಕ.

"ಗುರುವಾರದ ಗುಂಪು ನಮ್ಮ ಹತ್ರಾನೇ ಬುಕ್ ಮಾಡಿದ್ರೆ, ಕೊರಿಯಾಕ್ಕೆ ನೀವೇ ಹೋಗಿ" ಎಂದು ಮಾಲೀಕರು ಮಾತು ಕೊಟ್ಟಿದ್ದರು. "ಸಂಜೆ ಐದಕ್ಕೆ ಹೆಸರಿನ ಪಟ್ಟಿ ಹೋಗ್ಬೇಕು. ಅವ್ರು ಎದುರು ಆಫೀಸಿಗೆ ಹೋದ್ರೋ, ನಿಮಗೆ ಈ ಕುರ್ಚಿನೇ ಗತಿ."

ಗುರುವಾರದ ಗುಂಪು ಎಂದರೆ ಒಂದೇ ಕಟ್ಟಡದ ಹನ್ನೆರಡು ಹೆಂಗಸರು. ಪ್ರತಿ ಗುರುವಾರ ನಿವೃತ್ತ ಹೆಡ್‌ ಮೇಡಂ ಮನೆಯಲ್ಲಿ ಸೇರಿ ಕೊರಿಯಾದ ಧಾರಾವಾಹಿ ನೋಡುವುದು, ಅಳುವುದು, ಕಾಫಿ ಕುಡಿಯುವುದು ಅವರ ಮೂರು ವರ್ಷದ ವ್ರತ. ಕೊರಿಯಾದ ನಡೆನುಡಿಯಲ್ಲಿ ಅವರಿಗೆ ತಿಳಿಯದ್ದು ಯಾವುದೂ ಇರಲಿಲ್ಲ, ನುಡಿಯೊಂದನ್ನು ಬಿಟ್ಟು. ಯಾಕೆಂದರೆ ಅವರು ನೋಡುತ್ತಿದ್ದದ್ದೆಲ್ಲ ಕನ್ನಡಕ್ಕೆ ಡಬ್ ಆದದ್ದು.

ಹತ್ತೂಕಾಲಿಗೆ ಗುಂಪು ಬಂತು. ಹನ್ನೆರಡು ಜೊತೆ ಚಪ್ಪಲಿಯನ್ನು ಬಾಗಿಲಲ್ಲೇ ಸಾಲಾಗಿ ಬಿಟ್ಟು ಒಳಗೆ ಬಂದು, ಮಾಲೀಕರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿತು. ಹೆಡ್‌ ಮೇಡಂ ತಮ್ಮ ಬೇಡಿಕೆಗಳ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಟಿಕೆಟ್ಟಯ್ಯನ ಮೇಜಿನ ಮೇಲಿಟ್ಟರು.

"ಮೊದಲ್ನೇ ದಿನ ಅರಮನೆ. ಅಲ್ಲಿನ ಉದ್ದ ಲಂಗ ಬಾಡಿಗೆಗೆ ಸಿಗತ್ತಲ್ಲ, ಅದನ್ನ ಹಾಕ್ಕೊಂಡು ಫೋಟೋ. ನಂಗೆ ತಿಳಿ ಹಸಿರೇ ಬೇಕು. ಬೆಚ್ಚಗಿನ ನೆಲದ ಮೇಲೆ ಚಾಪೆ ಹಾಕಿ ಮಲಗಿಸ್ತಾರಲ್ಲ, ಅಂಥ ಹಳೇ ಮನೇಲಿ ಎರಡು ರಾತ್ರಿ. ಆಮೇಲೆ ಮಹಡಿ ಮೇಲೆ ಒಂದು ಮರದ ಕಟ್ಟೆ ಇರತ್ತೆ, ಮನಸ್ಸಿಗೆ ಬೇಜಾರಾದವ್ರು ಬಂದು ಕೂರ್ತಾರೆ. ಅಲ್ಲಿ ಕೂತು ಅಳೋದಕ್ಕೆ ಒಂದು ಸಾಯಂಕಾಲ ಖಾಲಿ ಬಿಡಿ."

"ಧಾರಾವಾಹೀಲಿ ಬೀಳತ್ತಲ್ಲ, ಆ ಮೊದಲ್ನೇ ಹಿಮ ಮರೀಬೇಡಿ" ಎಂದರು ಪಕ್ಕದಲ್ಲಿದ್ದ ಡಾಕ್ಟರ ಹೆಂಡತಿ. ಗಂಡ ಡಾಕ್ಟರಾದ್ದರಿಂದ ಇವರು ಅರ್ಧ ಡಾಕ್ಟರು ಎಂಬುದು ಆ ಕಟ್ಟಡದಲ್ಲಿ ಎಲ್ಲರೂ ಒಪ್ಪಿದ ಮಾತು. "ಅದನ್ನ ಎರಡನೇ ದಿನಕ್ಕೆ ಹಾಕಿ. ಮಧ್ಯಾಹ್ನ ಬೇಡ, ಊಟ ಆದ್ಮೇಲೆ ನಂಗೆ ನಿದ್ದೆ ಬರತ್ತೆ. ಮತ್ತೆ ಅವರ ಉಪ್ಪಿನಕಾಯಲ್ಲಿ ಮೀನು ಹಾಕ್ತಾರಂತೆ. ಹಾಕದೇ ಇರೋ ಹೋಟೆಲು ಹುಡುಕಿ."

ಹಿಮವನ್ನು ಎರಡನೇ ದಿನಕ್ಕೆ ಹಾಕಲಾಗುವುದಿಲ್ಲ ಎಂದು ಹೇಳಲು ಮಾಲೀಕರು ಬಾಯಿ ತೆರೆದವರು, ಎದುರು ಆಫೀಸಿನ ಬೋರ್ಡು ಕಣ್ಣಿಗೆ ಬಿದ್ದು, "ಹಾಕಿಸೋಣ ಮೇಡಂ" ಎಂದರು.

"ಎಲ್ಲಕ್ಕಿಂತ ಮುಖ್ಯ," ಹೆಡ್‌ ಮೇಡಂ ಕನ್ನಡಕ ತೆಗೆದರು, "ನಮ್ಮ ಜೊತೆ ಬರೋರಿಗೆ ಕೊರಿಯನ್ ಭಾಷೆ ಬರ್ಬೇಕು. ಎದುರು ಆಫೀಸಿನವ್ರು ಭಾಷೆ ಬಲ್ಲವ್ರನ್ನ ಕಳಿಸ್ತೀವಿ ಅಂದಿದ್ದಾರೆ. ನಿಮ್ಮಲ್ಲಿ ಯಾರಿದ್ದಾರೆ?"

ಮಾಲೀಕರ ಮುಖ ಸಪ್ಪಗಾಯಿತು. ಹನ್ನೆರಡು ಮುಖಗಳೂ ಟಿಕೆಟ್ಟಯ್ಯನ ಕಡೆ ತಿರುಗಿದವು. ನೀಲಿ ಸೂಟ್‌ಕೇಸು ಮತ್ತೆ ಕಂಬಳಿಗೇ ಉಳಿಯಿತು ಎಂದು ಅವನಿಗೆ ಅನಿಸಿತು. ಕ್ಷಮಿಸಿ ಮೇಡಂ, ಹಲ್ಲು ಕಿತ್ತಿದ್ದಾರೆ, ಡಾಕ್ಟ್ರು ಮಾತಾಡ್ಬೇಡ ಅಂದಿದ್ದಾರೆ ಎಂದು ಹೇಳಿ ತಪ್ಪಿಸಿಕೊಳ್ಳೋಣ ಎಂದುಕೊಂಡ. ಜೋಮು ಹಿಡಿದ ತುಟಿ, ಹತ್ತಿ ತುಂಬಿದ ಕೆನ್ನೆ. ಹೊರಗೆ ಬಂದದ್ದು ಹೀಗೆ:

"ಚಮಿಚಿ ಮೇಹಂ, ಹಯ್ಯು ಕಿಹಿಹಾಯೆ... ಞಾಕ್ಕು ಮಾಹಾಬೇಹ ಅಂಹಿಹಾಯೆ."

ಹನ್ನೆರಡು ಮುಖಗಳೂ ಅವನ ಕಡೆ ಬಾಗಿದವು.

"ಅಯ್ಯೋ!" ಡಾಕ್ಟರ ಹೆಂಡತಿ ಎದೆ ಮುಟ್ಟಿಕೊಂಡರು. "ಎಷ್ಟು ಸಲೀಸಾಗಿ ಮಾತಾಡ್ತಾರೆ ನೋಡಿ!"

"ತುಟಿ ನೋಡಿ, ತುಟಿ" ಹೆಡ್‌ ಮೇಡಂ ಪಿಸುಗುಟ್ಟಿದರು. "ತುಟಿ ಒಂದು ಕಡೆ ಹೋಗತ್ತೆ, ಮಾತು ಇನ್ನೊಂದು ಕಡೆ ಬರತ್ತೆ. ನಮ್ಮ ಧಾರಾವಾಹಿಯವ್ರ ಹಾಗೇ!"

ಕೊರಿಯನ್ ಎಂಬ ಭಾಷೆಗೂ ಟಿಕೆಟ್ಟಯ್ಯನ ಬಾಯಿಂದ ಬಿದ್ದದ್ದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಅದು ಗೊತ್ತಿದ್ದವರು ಅಲ್ಲಿ ಇಬ್ಬರೇ. ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಮ್ಮ ಟಿಕೆಟ್ಟಯ್ಯ ಪ್ರಚಾರ ಇಷ್ಟಪಡೋದಿಲ್ಲ" ಎಂದರು ಮಾಲೀಕರು ನಿಧಾನವಾಗಿ.

ಹೆಂಗಸರು ಮಧ್ಯಾಹ್ನ ಮತ್ತೆ ಬರುವುದಾಗಿ ಹೇಳಿ, ಚಪ್ಪಲಿ ಹುಡುಕಿಕೊಂಡು ಹೋದ ಮೇಲೆ ಮಾಲೀಕರು ಅವನನ್ನು ಫೈಲುಗಳ ಕೋಣೆಗೆ ಎಳೆದುಕೊಂಡು ಹೋದರು. "ಸಂಜೆ ಐದರವರೆಗೂ ಆ ಹತ್ತಿ ತೆಗೆದ್ರೆ ನನ್ನಾಣೆ!"

"ಅಹು ಞೋಸ ಅಲ್ವಾ ಚಾರ್?" ಎಂದ ಟಿಕೆಟ್ಟಯ್ಯ. ಮೋಸ ಅಲ್ಲವೇ ಎಂದು ಅವನ ಪ್ರಶ್ನೆ.

"ಏನಂದ್ರೋ ಗೊತ್ತಾಗ್ಲಿಲ್ಲ. ಹಾಗೇ ಇರ್ಲಿ, ಚೆನ್ನಾಗಿದೆ."

ಟಿಕೆಟ್ಟಯ್ಯನ ಮನಸ್ಸಾಕ್ಷಿ ಒಂದೆರಡು ನಿಮಿಷ ಕುಟುಕಿತು. ಆದರೆ ಹದಿನೆಂಟು ವರ್ಷ ಬೇರೆಯವರಿಗೆ ಕಿಟಕಿ ಪಕ್ಕದ ಸೀಟು ಹುಡುಕಿಕೊಟ್ಟವನ ಮನಸ್ಸಾಕ್ಷಿ ಎಷ್ಟು ಹೊತ್ತು ಕುಟುಕೀತು? ಅವನು ಮನೆಗೆ ಫೋನ್ ಮಾಡಿ, ಸೂಟ್‌ಕೇಸ್ ಖಾಲಿ ಮಾಡಿಡು, ಹದಿನೈದು ದಿನದಲ್ಲಿ ಹೊರಡೋದು ಎಂದು ಹೆಂಡತಿಗೆ ಹೇಳಿದ. ಅಂದರೆ, ಹೇಳಿದೆ ಎಂದುಕೊಂಡ.

"ಏನ್ರೀ? ಸೂಟ್‌ಕೇಸಾ? ಖಾಲಿ ಮಾಡಿ ತರ್ಲಾ? ಆಫೀಸಿಗಾ?" ಎಂದು ಅವಳು ಕೂಗಿದಳು. ಅವನು "ಅಲ್ಲ, ಅಲ್ಲ" ಎಂದ. ಅವಳಿಗೆ ಅದು "ಹ್ಞೂ, ಹ್ಞೂ" ಎಂದು ಕೇಳಿಸಿತು. ಫೋನು ಇಟ್ಟಳು.

ಎರಡು ಗಂಟೆಯ ಹೊತ್ತಿಗೆ ಹೊಸ ಕಷ್ಟ ಶುರುವಾಯಿತು. ಪಕ್ಕದ ಮೇಜಿನವಳನ್ನು "ನೀರು ಕೊಡಿ" ಎಂದು ಕೇಳಿದ. ಎರಡು ಪದವೂ ಸ್ಪಷ್ಟವಾಗಿ, ತಪ್ಪಿಲ್ಲದ ಕನ್ನಡದಲ್ಲಿ ಬಂದುಬಿಟ್ಟವು! ಸೂಜಿಮದ್ದಿನ ಜೋಮು ಇಳಿಯುತ್ತಿತ್ತು. ಅದರ ಜೊತೆ ಅವನ ಕೊರಿಯನ್ನೂ ಇಳಿಯುತ್ತಿತ್ತು. ಓಡಿಹೋಗಿ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಹೊಸ ಹತ್ತಿ ತೆಗೆದು ಎರಡೂ ಕೆನ್ನೆಗೆ ತುರುಕಿಕೊಂಡ. ಮಾತು ಮತ್ತೆ ಕೊರಿಯಾದ ಕಡೆ ಹೊರಳಿತು. ಆದರೆ ಜೋಮು ಬಿಟ್ಟು ಹೋದ ಜಾಗಕ್ಕೆ ನೋವು ಬಂದು ಕೂತಿತು. ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಯಾರೋ ಸುತ್ತಿಗೆ ಹಿಡಿದು ಓಡಾಡಿದಂತೆ ಆಗತೊಡಗಿತು.

ಮೂರಕ್ಕೆ ಗುಂಪು ಮತ್ತೆ ಬಂತು. ಈ ಸಲ ಜೊತೆಯಲ್ಲಿ ಇನ್ನೊಬ್ಬರಿದ್ದರು. ಬಿಳಿ ಗುಂಗುರು ಕೂದಲಿನ, ನಗುಮುಖದ, ಗಿಡ್ಡನೆಯ ಒಬ್ಬ ಅಜ್ಜಿ.

"ನಮ್ಮ ಮೇಲಿನ ಮನೇಲಿ ಕೊರಿಯಾದ ಎಂಜಿನಿಯರು ಇದ್ದಾರೆ. ಇವ್ರು ಅವರ ತಾಯಿ" ಎಂದರು ಹೆಡ್‌ ಮೇಡಂ. "ಪಾಪ, ಮಗ ಕೆಲಸಕ್ಕೆ ಹೋದ್ರೆ ಇವ್ರ ಹತ್ರ ಮಾತಾಡೋರೇ ಇಲ್ಲ. ನಿಮ್ಮನ್ನ ಪರೀಕ್ಷೆ ಮಾಡೋಕೆ ಕರ್ಕೊಂಡು ಬಂದಿಲ್ಲ ಅಂದ್ಕೋಬೇಡಿ. ಪರೀಕ್ಷೆಗೇ ಕರ್ಕೊಂಡು ಬಂದಿರೋದು. ಮೂವತ್ತು ವರ್ಷದ ಅಭ್ಯಾಸ ನಂಗೆ."

ಮಾಲೀಕರು ಮೆಲ್ಲಗೆ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತರು. ಟಿಕೆಟ್ಟಯ್ಯ ನಾಲಿಗೆಯಿಂದ ಹತ್ತಿಯನ್ನು ಇನ್ನಷ್ಟು ಒಳಕ್ಕೆ ದೂಡಿಕೊಂಡ. ಅಜ್ಜಿ ಅವನ ಮುಂದೆ ಕೂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಿಂಗಳುಗಟ್ಟಲೆ ಕೂಡಿಟ್ಟ ಮಾತನ್ನೆಲ್ಲ ಒಟ್ಟಿಗೆ ಹೊರಗೆ ಬಿಟ್ಟರು. ಟಿಕೆಟ್ಟಯ್ಯ ತಲೆಯಾಡಿಸಿದ. ಅವರು ನಕ್ಕಾಗ ನಕ್ಕ. ಅವರು ನಿಟ್ಟುಸಿರು ಬಿಟ್ಟಾಗ ತಾನೂ ಬಿಟ್ಟ. ಇಷ್ಟರಲ್ಲೇ ಮುಗಿದಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. ಆದರೆ ಇಷ್ಟು ಗಮನವಿಟ್ಟು ಕೇಳುವವನು ಸಿಕ್ಕ ಸಂತೋಷಕ್ಕೆ ಅಜ್ಜಿ ಪ್ರೀತಿಯಿಂದ ಅವನ ಎಡಗೆನ್ನೆಯನ್ನು ಪಟಪಟ ತಟ್ಟಿದರು.

"ಅಯ್ಯೋ... ಅಪ್ಪಾ!" ಎಂದ ಟಿಕೆಟ್ಟಯ್ಯ. ಕಣ್ಣಲ್ಲಿ ನೀರು ಬಂತು.

ಅಜ್ಜಿಯ ಕಣ್ಣು ಅಗಲವಾಯಿತು. "ಐಗೋ!" ಎಂದರು. "ಅಪಾಯೋ?"

ಅಪಾಯ ಎಂಬ ಮಾತು ಕಿವಿಗೆ ಬಿದ್ದದ್ದೇ ಟಿಕೆಟ್ಟಯ್ಯ ಹಿಂದಕ್ಕೆ ಸರಿದ. ಸಿಕ್ಕಿಬಿದ್ದೆ, ಕನ್ನಡದಲ್ಲೇ ಹೇಳಿಬಿಟ್ಟರಲ್ಲ ಎಂದುಕೊಂಡ. ಅಜ್ಜಿ ತಮ್ಮ ಬಾಯಿಯ ಕಡೆ ಬೆರಳು ಮಾಡಿ, "ಇ? ಇ ಅಪಾಯೋ?" ಎಂದರು.

"ಈ..." ಎಂದು ಏನೋ ಹೇಳಹೊರಟ. ಅಷ್ಟರಲ್ಲಿ ದವಡೆಯ ಸುತ್ತಿಗೆ ಮತ್ತೊಂದು ಏಟು ಹಾಕಿತು. "ಈ... ಅಪ್ಪಾ! ಅಯ್ಯೋ!"

"ನೇ, ನೇ" ಎಂದು ಅಜ್ಜಿ ತಲೆಯಾಡಿಸಿ, ಅವನ ಕೈ ಸವರಿ, ಕಣ್ಣು ಒರೆಸಿಕೊಂಡರು.

"ತಂದೆ ವಿಷಯ ಮಾತಾಡ್ತಿದ್ದಾರೆ" ಎಂದು ಹೆಡ್‌ ಮೇಡಂ ಗುಂಪಿಗೆ ವಿವರಿಸಿದರು. "ಅಪ್ಪ ಅಂದ್ರೆ ಅಲ್ಲೂ ಅಪ್ಪಾನೇ. ಎಲ್ಲೋ ಓದಿದ್ದೆ."

"ಅಪ್ಪನಿಗೆ ಏನೋ ಅಪಾಯ ಆಗಿರ್ಬೇಕು ಕಣ್ರೀ" ಎಂದರು ಡಾಕ್ಟರ ಹೆಂಡತಿ. "'ಅಪಾಯನೋ?' ಅಂತ ಅಜ್ಜಿ ಕೇಳಿದ್ರು. 'ನೀನೇ, ನೀನೇ' ಅಂತ ಸಮಾಧಾನ ಮಾಡಿದ್ರು. ಇನ್ಮೇಲೆ ಮನೆಗೆ ದೊಡ್ಡೋನು ನೀನೇ ಅಂತ."

ಹನ್ನೆರಡು ಕರವಸ್ತ್ರಗಳು ಹೊರಗೆ ಬಂದವು. ಮೂರು ವರ್ಷದ ಗುರುವಾರಗಳಲ್ಲಿ ಅವರು ಇಷ್ಟು ಚೆನ್ನಾಗಿ ಎಂದೂ ಅತ್ತಿರಲಿಲ್ಲ. ಟಿಕೆಟ್ಟಯ್ಯನ ಅಪ್ಪ ಊರಿನಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ ಎಂಬುದನ್ನು ಹೇಳುವ ಸ್ಥಿತಿಯಲ್ಲಿ ಟಿಕೆಟ್ಟಯ್ಯ ಇರಲಿಲ್ಲ.

"ಸಾಕು" ಹೆಡ್‌ ಮೇಡಂ ಮೂಗೊರೆಸಿಕೊಂಡರು. "ನೂರಕ್ಕೆ ನೂರು. ನಮ್ಮ ಜೊತೆ ಇವ್ರೇ ಬರ್ಬೇಕು. ಎಲ್ಲಿ, ಪಟ್ಟಿ ಕೊಡಿ."

ಹನ್ನೆರಡು ಸಹಿ ಬಿದ್ದವು. ಮಾಲೀಕರು ಕ್ಯಾಲೆಂಡರು ಬಿಟ್ಟು ಬಂದು, ಹದಿಮೂರನೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಟಿಕೆಟ್ಟಯ್ಯನ ಹೆಸರು ಬರೆದರು. ಅವನು ಆ ಸಾಲನ್ನು ಮೂರು ಸಲ ಓದಿದ. ಕಂಪ್ಯೂಟರಿನಲ್ಲಿ ವಿಮಾನದ ನಕ್ಷೆ ತೆಗೆದು, ರೆಕ್ಕೆಗೆ ಮುಂದೆ, ಕಿಟಕಿಗೆ ಅಂಟಿದ ಒಂದು ಸೀಟನ್ನು ಆರಿಸಿ ತನ್ನ ಹೆಸರಿಗೆ ಹಾಕಿಕೊಂಡ. ಹದಿನೆಂಟು ವರ್ಷದಿಂದ ಕಣ್ಣಿಟ್ಟಿದ್ದ ಸೀಟು ಅದು. ಆ ಕ್ಷಣ ಹಲ್ಲುನೋವು ಕೂಡ ಅವನಿಗೆ ಸಿಹಿಯಾಗಿತ್ತು.

ಗಂಟೆ ನಾಲ್ಕೂವರೆ. ಪಟ್ಟಿ ಕಳಿಸಲು ಇನ್ನು ಅರ್ಧ ಗಂಟೆ. ಅಜ್ಜಿಯನ್ನು ಕರೆದುಕೊಂಡು ಹೋಗಲು ಮಗ ಬಂದ. ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಅವನು ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತವನು. ಆಫೀಸಿನಲ್ಲಿದ್ದವರಲ್ಲಿ ಶುದ್ಧ ಕನ್ನಡ ಬರುತ್ತಿದ್ದದ್ದು ಅವನೊಬ್ಬನಿಗೇ.

ತಾಯಿಯೊಡನೆ ಎರಡು ನಿಮಿಷ ಮಾತಾಡಿ ಅವನು ಎಲ್ಲರಿಗೂ ವಂದಿಸಿದ. "ನನ್ನ ತಾಯಿಯವರು ಇಂದು ಅತ್ಯಂತ ಸಂತುಷ್ಟರಾಗಿದ್ದಾರೆ. ಈ ಮಹನೀಯರು ಅವರೊಡನೆ ಕೊರಿಯನ್ ಭಾಷೆಯಲ್ಲಿಯೇ ಸಂಭಾಷಿಸಿದರಂತೆ."

ಮಾಲೀಕರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಟಿಕೆಟ್ಟಯ್ಯನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ನಾವು ಹೇಳ್ಲಿಲ್ವಾ!" ಎಂದರು ಹೆಡ್‌ ಮೇಡಂ. "ಅವರ ತಂದೆ ವಿಷಯ ಏನು ಹೇಳಿದ್ರು?"

"ತಂದೆಯ ವಿಷಯವಲ್ಲ" ಎಂದ ಮಗ. "ಎರಡು ಬಾರಿಯೂ ಒಂದೇ ಮಾತನ್ನು ನುಡಿದರಂತೆ. 'ಅಯ್ಯೋ, ಹಲ್ಲು ನೋಯುತ್ತಿದೆ' ಎಂದು. ನಮ್ಮಲ್ಲಿ 'ಇ' ಎಂದರೆ ಹಲ್ಲು. 'ಅಪಾ' ಎಂದರೆ ನೋವು. ನೋಯುತ್ತಿದೆಯೇ ಎಂದು ಮರ್ಯಾದೆಯಿಂದ ಕೇಳುವಾಗ 'ಅಪಾಯೋ' ಎನ್ನುತ್ತೇವೆ. 'ನೇ' ಎಂದರೆ ಹೌದು. ಉಚ್ಚಾರಣೆ ಅತ್ಯುತ್ತಮವಾಗಿತ್ತಂತೆ. ಆದರೆ ಇಷ್ಟು ವೇದನೆಯಲ್ಲಿರುವ ಮನುಷ್ಯನನ್ನು ಏಕೆ ದುಡಿಸುತ್ತಿದ್ದೀರಿ ಎಂದು ತಾಯಿಯವರು ಕೇಳುತ್ತಿದ್ದಾರೆ."

ಹನ್ನೆರಡು ತಲೆಗಳು ಒಟ್ಟಿಗೆ ತಿರುಗಿದವು. ಡಾಕ್ಟರ ಹೆಂಡತಿ ಎದ್ದು ಬಂದು, ಟಿಕೆಟ್ಟಯ್ಯನ ಗಲ್ಲ ಹಿಡಿದು, ಬಾಯಿ ತೆರೆಸಿ, ಹತ್ತಿ ಸರಿಸಿ, ಮೊಬೈಲಿನ ಬೆಳಕು ಬಿಟ್ಟು ನೋಡಿದರು. "ದೇವ್ರೇ, ಇಷ್ಟು ದೊಡ್ಡ ಗುಂಡಿ! ಇಂಥ ದವಡೆ ಇಟ್ಕೊಂಡು ವಿಮಾನ ಹತ್ತೋದಾ? ಮೇಲೆ ಹೋಗ್ತಿದ್ದ ಹಾಗೆ ಮುಖ ಬಲೂನ್ ಆಗತ್ತೆ. ನಮ್ಮನೆಯವ್ರು ಹೇಳ್ತಿರ್ತಾರೆ."

"ಇಹೂ ಹಹಿನೈಹು ಹಿನ ಇಹೆ! ವಾಚಿ ಆಗಿಹತ್ತೆ!" ಎಂದು ಟಿಕೆಟ್ಟಯ್ಯ ಕೂಗಿದ. ಹದಿನೈದು ದಿನ ಇದೆ, ವಾಸಿಯಾಗಿರುತ್ತದೆ ಎಂಬುದು ಅದರ ಅರ್ಥ.

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಮರುಕದಿಂದ ತಲೆಯಲ್ಲಾಡಿಸಿದರು.

"ಇದು ತಾಯಿಯವರಿಗೆ ತಿಳಿಯಲಿಲ್ಲ" ಎಂದ ಮಗ. "ವೇದನೆ ಮಿತಿಮೀರಿ ಭಾಷೆ ಕೆಟ್ಟಿದೆ."

ಟಿಕೆಟ್ಟಯ್ಯ ಇಕ್ಕಟ್ಟಿಗೆ ಸಿಕ್ಕಿಕೊಂಡ. ನನಗೆ ಕೊರಿಯನ್ ಬರುವುದಿಲ್ಲ ಎಂದರೆ ಸೀಟು ಹೋಯಿತು. ಬರುತ್ತದೆ ಎಂದರೆ ಹಲ್ಲು ನೋಯುತ್ತಿದೆ ಎಂದು ಎರಡು ಸಲ ತಾನೇ ಹೇಳಿದಂತಾಯಿತು. ಆಗಲೂ ಸೀಟು ಹೋಯಿತು. ಕೊನೆಗೆ ತಾಳ್ಮೆಗೆಟ್ಟು ಎರಡೂ ಕೆನ್ನೆಯ ಹತ್ತಿ ಕಿತ್ತೆಸೆದ. "ಮೇಡಂ, ನಂಗೆ ನೋವೇ ಇಲ್ಲ!" ಎಂದ, ಒಂದಕ್ಷರ ಬಿಡದೆ.

"ಪಾಪ, ನೋವಿಗೆ ಕನ್ನಡಕ್ಕೇ ಬಂದ್ಬಿಟ್ರು" ಎಂದು ಹೆಡ್‌ ಮೇಡಂ ಲೊಚಗುಟ್ಟಿದರು. ಆಮೇಲೆ ಅವರ ಮುಖ ಅರಳಿತು. "ಅಜ್ಜಿ ಊರಿಗೆ ಹೋಗ್ಬೇಕು ಅಂತಿದ್ರಲ್ಲ? ಮಗನಿಗೆ ರಜ ಇಲ್ಲ, ಒಬ್ರನ್ನೇ ಹೇಗೆ ಕಳಿಸೋದು ಅಂತ? ಹದಿಮೂರನೇ ಸೀಟಲ್ಲಿ ಅಜ್ಜೀನೇ ಬರ್ಲಿ! ಅವರಿಗಿಂತ ಭಾಷೆ ಬಲ್ಲವ್ರು ಬೇಕಾ?"

ಮಗ ತಾಯಿಗೆ ಹೇಳಿದ. ತಾಯಿ ಚಪ್ಪಾಳೆ ತಟ್ಟಿದರು. ಹನ್ನೆರಡು ಹೆಂಗಸರೂ ತಟ್ಟಿದರು. ಮಾಲೀಕರು ಗಡಿಯಾರ ನೋಡಿ, ಮೇಜಿನ ಖಾನೆಯಿಂದ ವೈಟ್ನರ್ ಬಾಟಲಿ ತೆಗೆದು, ಹದಿಮೂರನೇ ಸಾಲಿನ ಮೇಲೆ ಬಿಳಿ ಬಳಿದು, ಊದಿ ಒಣಗಿಸಿದರು. "ಬೇಗ ಟೈಪ್ ಮಾಡಿ ಟಿಕೆಟ್ಟಯ್ಯ, ಐದಾಗ್ತಾ ಬಂತು. ಅಜ್ಜಿಗೆ ಒಳ್ಳೇ ಕಿಟಕಿ ಸೀಟು ನೋಡಿ."

ಹುಡುಕುವ ಕೆಲಸವೇನೂ ಇರಲಿಲ್ಲ. ರೆಕ್ಕೆಗೆ ಮುಂದಿನ ಸೀಟಿನಲ್ಲಿ ತನ್ನ ಹೆಸರು ಅಳಿಸಿ ಅಜ್ಜಿಯ ಹೆಸರು ಹೊಡೆದ. ಎರಡು ಸಲ ತಪ್ಪಾಯಿತು. ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ಬೆಳಿಗ್ಗೆಯಿಂದ ಅವನ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಅವರೊಬ್ಬರೇ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

ಪಟ್ಟಿ ಹೋಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಗಡಗಡ ಸದ್ದಾಯಿತು. ನೀಲಿ ಸೂಟ್‌ಕೇಸನ್ನು ಎಳೆದುಕೊಂಡು ಟಿಕೆಟ್ಟಯ್ಯನ ಹೆಂಡತಿ ಒಳಗೆ ಬಂದಳು. ಒರೆಸಿದ ಸೂಟ್‌ಕೇಸು ಮಿರಮಿರ ಮಿಂಚುತ್ತಿತ್ತು, ಹಿಡಿಕೆಗೆ ಗುರುತಿಗೆಂದು ಕೆಂಪು ರಿಬ್ಬನ್ ಬೇರೆ ಕಟ್ಟಿತ್ತು.

"ತಗೊಳ್ರೀ, ಕಂಬಳಿ ಎಲ್ಲ ಬೀರುಗೆ ಹಾಕಿ ಬಂದೆ. ಅಂತೂ ನಿಮ್ಮ ವಿಮಾನ ಬಂತಲ್ಲ!" ಎಂದು ಮುಖ ತುಂಬ ನಗುತ್ತಾ ನಿಂತಳು. ಐದು ವರ್ಷ ಗೇಲಿ ಮಾಡಿದವಳ ಕಣ್ಣಿನಲ್ಲಿ ಇಷ್ಟೊಂದು ಸಂತೋಷ ಇದ್ದೀತೆಂದು ಟಿಕೆಟ್ಟಯ್ಯನಿಗೆ ಗೊತ್ತೇ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿದ.

ಅಜ್ಜಿ ಸೂಟ್‌ಕೇಸಿನ ಹತ್ತಿರ ಹೋಗಿ, ಚಕ್ರ ತಿರುಗಿಸಿ, ರಿಬ್ಬನ್ ಮುಟ್ಟಿ, ಮಗನಿಗೆ ಏನೋ ಹೇಳಿದರು.

"ತಾಯಿಯವರ ಬಳಿ ದೊಡ್ಡ ಪೆಟ್ಟಿಗೆ ಇರಲಿಲ್ಲ" ಎಂದ ಮಗ, ಕೈ ಮುಗಿದು. "ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟದ್ದಲ್ಲದೆ, ಪೆಟ್ಟಿಗೆಯನ್ನೂ ತರಿಸಿದಿರಿ. ಈ ಔದಾರ್ಯವನ್ನು ನಾವು ಎಂದಿಗೂ ಮರೆಯಲಾರೆವು."

ಹನ್ನೆರಡು ಹೆಂಗಸರು ಸೊಂಟ ಬಗ್ಗಿಸಿ ಟಿಕೆಟ್ಟಯ್ಯನಿಗೆ ನಮಸ್ಕರಿಸಿದರು. ಅವನ ಹೆಂಡತಿ ಏನೂ ತಿಳಿಯದೆ ತಾನೂ ಬಗ್ಗಿದಳು. ಸೂಟ್‌ಕೇಸು ಗಡಗಡ ಸದ್ದು ಮಾಡುತ್ತಾ ಅಜ್ಜಿಯ ಹಿಂದೆ ಬಾಗಿಲು ದಾಟಿತು.

"ಅಯ್ಯೋ... ಅಪ್ಪಾ!" ಎಂದ ಟಿಕೆಟ್ಟಯ್ಯ. ಬಾಯಲ್ಲಿ ಹತ್ತಿ ಇರಲಿಲ್ಲ, ಈ ಸಲ ಅದು ಹಲ್ಲಿನದೂ ಆಗಿರಲಿಲ್ಲ.

ಮೆಟ್ಟಿಲ ಬಳಿಯಿಂದ ಅಜ್ಜಿ ತಿರುಗಿ ನೋಡಿ, ಕೆನ್ನೆಗೆ ಕೈಯಿಟ್ಟುಕೊಂಡು, "ನೇ, ನೇ" ಎಂದರು.

"ಈಗ ನಂಗೂ ಅರ್ಥ ಆಗತ್ತೆ" ಎಂದು ಹೆಡ್‌ ಮೇಡಂ ಹೆಮ್ಮೆಯಿಂದ ಚಪ್ಪಲಿ ಮೆಟ್ಟಿಕೊಂಡರು. "ಹಲ್ಲು ನೋಯ್ತಿದೆಯಂತೆ."